ಶನಿವಾರ ಮಾತ್ರ ಚುಚ್ಚುವ ಹಲ್ಲು

ಚಳಿ ಬಿಟ್ಟ ಮೊದಲ ಶನಿವಾರ ಗುಬ್ಬಿ ಚಾದರ ಹಿಂಡಲು ನಿಲ್ಲಲಿಲ್ಲ.

ಆ ಮನೆಯಲ್ಲಿ ಶನಿವಾರವೆಂದರೆ ಬಟ್ಟೆ ಒಗೆಯುವ ದಿನ. ವಾರವೆಲ್ಲ ಶಾಲೆಯೊಂದರ ಅಡುಗೆಮನೆಯಲ್ಲಿ ಸೊಂಟದೆತ್ತರದ ಪಾತ್ರೆಗಳ ಜೊತೆ ಹೆಣಗುವ ಅಮ್ಮ, ಅಂದು ಹಾಸಿಗೆಗಳ ಚಾದರಗಳನ್ನೆಲ್ಲ ಎಳೆದುಕೊಂಡು ಟೆರೇಸಿಗೆ ಹೋಗುತ್ತಿದ್ದಳು. ಒಗೆಯುವುದಕ್ಕೆ ಒಬ್ಬಳು ಸಾಕು, ಹಿಂಡುವುದಕ್ಕೆ ಇಬ್ಬರು ಬೇಕು. ತಾಯಿ ಮಗಳು ಎದುರುಬದುರು ನಿಂತು, ಒಂದೊಂದು ತುದಿ ಹಿಡಿದು ತಿರುಚುವಷ್ಟರಲ್ಲಿ ವಾರದ ಮಾತೆಲ್ಲ ಆಗಿಹೋಗುತ್ತಿತ್ತು. ಶಾಲೆಯ ಹೆಡ್‌ಮಿಸ್ಸಿನ ಜಿಪುಣತನ, ಕೆಳಗಿನ ಮನೆಯವರ ಜಗಳ, ಅತ್ತೆಯ ಹೊಸ ಕೊಂಕು. ನೀರು ಇಬ್ಬರ ಪಾದದ ಮೇಲೂ ಸುರಿಯುತ್ತಿತ್ತು.

"ಇವತ್ತು ನಾನಿರಲ್ಲಮ್ಮ," ಅಂದಳು ಗುಬ್ಬಿ, ಶೂ ಲೇಸು ಕಟ್ಟುತ್ತ. "ಹೊಳೆ ಹತ್ರ ಹೋಗ್ತಿದೀನಿ. ಫ್ರೆಂಡ್ಸ್ ಕಾಯ್ತಿದಾರೆ."

"ಹೊಳೇಲಿ ಏನಿದೆ?"

"ನೀರು."

ಪೇಪರಿನ ಹಿಂದಿನಿಂದ ಅಪ್ಪ ನಕ್ಕ. ಅಪ್ಪ ಲಿಫ್ಟು ರಿಪೇರಿಯವನು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಬಿಡಿಸುವುದು ಅವನ ಹೊಟ್ಟೆಪಾಡು. ಮನೆಯಲ್ಲಿ ಯಾರು ಯಾರ ನಡುವೆ ಸಿಕ್ಕಿಕೊಂಡರೂ ಅವನು ಪೇಪರು ಇಳಿಸುತ್ತಿರಲಿಲ್ಲ.

"ನೀನು ನಗು," ಅಂದಳು ಕಿಟಕಿಯ ಪಕ್ಕದ ಕುರ್ಚಿಯಿಂದ ಅತ್ತೆ. "ಮಗಳು ಹೊಳೆಗೆ, ಹೆಂಡ್ತಿ ಟೆರೇಸಿಗೆ. ನಂಗೆ ಕಾಫಿ ಕೊಡೋರು ಯಾರು?"

ಅತ್ತೆ ಅಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಸ್ವಲ್ಪ ದಿನ ಇದ್ದು ಹೋಗುತ್ತೇನೆಂದು ತಮ್ಮನ ಮನೆಗೆ ಬಂದವಳು. ಆ ಸ್ವಲ್ಪ ದಿನದಲ್ಲಿ ಗುಬ್ಬಿ ಹುಟ್ಟಿ, ಬೆಳೆದು, ಓದಿ, ಕೆಲಸಕ್ಕೂ ಸೇರಿದ್ದಳು. ಅತ್ತೆಗೂ ಅಮ್ಮನಿಗೂ ಉಪ್ಪಿನಿಂದ ಹಿಡಿದು ಕಿಟಕಿಯ ಪರದೆಯವರೆಗೆ ಯಾವುದರಲ್ಲೂ ಒಮ್ಮತವಿರಲಿಲ್ಲ. ಚಾದರದ ತುದಿ ಹಿಡಿಯಿರಿ ಎಂದು ಅಮ್ಮ ಯಾವಾಗಲೋ ಕೇಳಿದ್ದಕ್ಕೆ, "ನನ್ನ ಕೈಲಿ ಶಕ್ತಿ ಎಲ್ಲಿದೆ ತಾಯಿ" ಎಂದು ಅಂಗೈ ತೋರಿಸಿದವಳು ಆಮೇಲೆ ಟೆರೇಸಿನ ಮೆಟ್ಟಿಲೇ ಹತ್ತಿರಲಿಲ್ಲ.

ಅಂದು ಅಮ್ಮ ಚಾದರದ ಒಂದು ತುದಿಯನ್ನು ನೀರಿನ ಪೈಪಿಗೆ ಕಟ್ಟಿ, ಇನ್ನೊಂದನ್ನು ಒಬ್ಬಳೇ ತಿರುಚಿದಳು. ಪೈಪು ಮಾತಾಡಲಿಲ್ಲ.

ಗುಬ್ಬಿಯ ಕೆಲಸ ಹಲ್ಲಿನ ಲ್ಯಾಬಿನಲ್ಲಿ. ಹಳೆಯ ಕಟ್ಟಡವೊಂದರ ನೆಲಮಾಳಿಗೆ, ಕಿಟಕಿಯಿಲ್ಲ, ದಿನವೆಲ್ಲ ಟ್ಯೂಬ್‌ಲೈಟು. ಡಾಕ್ಟರುಗಳು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಸುರಿಯಬೇಕು, ಮೇಣದಲ್ಲಿ ಒಸಡು ಕಟ್ಟಬೇಕು, ಹಲ್ಲುಗಳನ್ನು ಒಂದೊಂದಾಗಿ ಕೂರಿಸಬೇಕು. ಗೋಡೆಯುದ್ದಕ್ಕೂ ಶೆಲ್ಫುಗಳಲ್ಲಿ ನಗರದ ಜನರ ಪ್ಲಾಸ್ಟರ್ ಬಾಯಿಗಳು ಸಾಲಾಗಿ ಕುಳಿತಿದ್ದವು. ಅತ್ತೆಯದೂ ಒಂದಿತ್ತು. ಹೋದ ವರ್ಷ ಅತ್ತೆಗೆ ಹಲ್ಲು ಕಟ್ಟಿಸಿದಾಗ ಮೇಲಿನ ಕೆಳಗಿನ ಎರಡೂ ಸೆಟ್ಟನ್ನು ಗುಬ್ಬಿಯೇ ಮಾಡಿದ್ದಳು. ಅವಳು ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ಮಾಡಿದ ಮೊದಲ ಕೆಲಸ ಅದು. ಸುಲಭಕ್ಕೆ ಹೊಗಳದ ಲ್ಯಾಬಿನ ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ಕೂತ್ಕೊಂಡ್ರೆ ಕೂತ್ಕೊಂಡ್ಹಾಗೆ, ಅಲ್ಲಾಡಲ್ಲ" ಅಂದಿದ್ದ. ಹಾಗೇ ಆಗಿತ್ತು. ಅತ್ತೆ ಆ ಹಲ್ಲಿನಲ್ಲಿ ಸೇಬು ಕಚ್ಚುತ್ತಿದ್ದಳು, ಕಡಲೆಕಾಯಿ ಅಗಿಯುತ್ತಿದ್ದಳು, ಊಟದುದ್ದಕ್ಕೂ ಅಪ್ಪನನ್ನು ಬೈಯುತ್ತಿದ್ದಳು. ಒಂದು ಸಲವೂ ನೋವು ಅಂದಿರಲಿಲ್ಲ.

ಹೊಳೆಯ ದಡದಲ್ಲಿ ಕಾಯುತ್ತಿದ್ದವರು ಮೂವರು. ಬಸ್ ಕಂಡಕ್ಟರ್ ಹುಡುಗಿ, ಬೇಕರಿಯಲ್ಲಿ ಬ್ರೆಡ್ಡು ಸುಡುವವಳು, ಕನ್ನಡಕದಂಗಡಿಯ ಹುಡುಗ. ಕಂಡಕ್ಟರ್‌ಳ ಬಸ್ಸಿನ ಕೊನೆಯ ಸ್ಟಾಪಿನ ಹತ್ತಿರ ಹಳೆಯ ದೋಣಿಮನೆಯೊಂದಿತ್ತು. ಒಳಗೆ ಬಣ್ಣ ಎದ್ದುಹೋದ, ಬೋರಲು ಹಾಕಿದ ಒಂದು ಮರದ ದೋಣಿ.

"ನೀವೇ ರಿಪೇರಿ ಮಾಡ್ಕೊಂಡ್ರೆ ಬೇಸಿಗೆ ಮುಗಿಯೋವರೆಗೂ ನಿಮ್ದೇ," ಅಂದಿದ್ದ ಅಲ್ಲಿನ ಕಾವಲುಗಾರ. "ತೇಲಿದ್ರೆ ನಿಮ್ಮ ಅದೃಷ್ಟ."

"ಮುಳುಗಿದ್ರೆ?"

"ಅದೂ ನಿಮ್ದೇ."

ದೋಣಿಯನ್ನು ಹೊರಗೆ ದಡಕ್ಕೆ ಎಳೆದುಕೊಂಡು, ಆ ಶನಿವಾರ, ಮರುದಿನ ಭಾನುವಾರ, ಮತ್ತೆ ಮುಂದಿನ ವಾರ ನಾಲ್ವರೂ ಅಲ್ಲೇ. ಬಿಸಿಲು ಮೈಗೆ ಹಿತವಾಗುವಷ್ಟೇ ಇತ್ತು. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಬಂದವರು ಮಧ್ಯಾಹ್ನಕ್ಕೆ ಅದನ್ನು ಬೇಲಿಗೆ ನೇತುಹಾಕುತ್ತಿದ್ದರು. ದಡದ ಮರಗಳಲ್ಲಿ ಚಿಗುರು ಇನ್ನೂ ಕಣ್ಣು ಬಿಡುತ್ತಿತ್ತು. ಹಳೆಯ ಬಣ್ಣವನ್ನು ಕೆರೆದು ಕೆರೆದು ಅವರ ಕೂದಲು ಹುಬ್ಬೆಲ್ಲ ನೀಲಿ ಪುಡಿ. ಬೇಕರಿಯವಳು ತರುತ್ತಿದ್ದ ನಿನ್ನೆಯ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹೊಳೆಯ ನೀರಿನಲ್ಲಿ ತಂಪು ಮಾಡಿದ ಕಿತ್ತಳೆ. ಹಲಗೆಗಳ ಸಂದಿಗಳನ್ನು ಮುಚ್ಚುವ ಕೆಲಸ ಗುಬ್ಬಿಯ ಪಾಲಿಗೆ ಬಂತು. ಅವಳು ಲ್ಯಾಬಿನ ಸಣ್ಣ ಚೂರಿ, ಕೊಕ್ಕೆಗಳನ್ನು ತಂದು, ದೋಣಿಯ ಮಗ್ಗುಲಲ್ಲಿ ಮಲಗಿ, ಒಂದೊಂದು ಸಂದಿಯ ಕೊಳೆತ ನಾರನ್ನು ಕೆದಕಿ ತೆಗೆದು ಹೊಸದನ್ನು ತುಂಬಿದಳು.

"ನೋಡ್ರೋ," ಅಂದಳು ಕಂಡಕ್ಟರ್, "ದೋಣಿಗೆ ಹಲ್ಲು ಕಟ್ತಿದಾಳೆ ಇವ್ಳು."

"ಬಾಯಿ ಮುಕ್ಕಳಿಸಿ ಉಗಿಯೋಕೆ ಹೇಳು ದೋಣಿಗೆ," ಅಂದ ಕನ್ನಡಕದವನು.

ನೆಲಮಾಳಿಗೆಯ ಹುಡುಗಿ ಆಕಾಶ ನೋಡುತ್ತ ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು. ಭಾನುವಾರ ಸಂಜೆ ಮೂಗಿನ ತುದಿ ಕೆಂಪಾಗಿ, ಉಗುರಿನಲ್ಲಿ ಬಣ್ಣ ತುಂಬಿಕೊಂಡು ಮನೆಗೆ ಬಂದಾಗ ಅಮ್ಮ ಬಾಗಿಲು ತೆಗೆದು ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟು ನಗು ಹಚ್ಕೊಂಡು ಬಂದಿದೀಯಲ್ಲ, ಊಟ ಬೇಕಾ, ಅದೂ ಅಲ್ಲೇ ಆಯ್ತಾ?"

"ಬೇಕಮ್ಮ, ಹಸಿವು. ಏನಿದೆ?"

"ಇದ್ದಿದ್ದು ಇದೆ. ನಾನೊಬ್ಬಳೇ ಎಷ್ಟು ಅಂತ ಮಾಡ್ಲಿ?"

ಅದರ ಮುಂದಿನ ಶನಿವಾರ ಗುಬ್ಬಿ ಚಿಲಕಕ್ಕೆ ಕೈಹಾಕುವ ಹೊತ್ತಿಗೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನರಳಿದಳು.

"ಏನಾಯ್ತು ಅತ್ತೆ?"

"ಹಲ್ಲು. ಚುಚ್ತಾ ಇದೆ."

"ಎಲ್ಲಿ? ತೋರ್ಸಿ."

"ತೋರ್ಸೋಕೆ ನೀನೇನು ಡಾಕ್ಟರಾ? ಮಾಡಿದೋಳು ನೀನು, ಸರಿ ಮಾಡು."

"ಹಾಗಾದ್ರೆ ಡಾಕ್ಟರ ಹತ್ರಾನೇ ಹೋಗೋಣ."

"ಆ ಕುರ್ಚಿ ನಾನು ಇನ್ನೊಂದ್ಸಲ ಹತ್ತಲ್ಲ," ಅಂದಳು ಅತ್ತೆ. ಹಲ್ಲು ತೆಗೆದು ಅಂಗೈಯಲ್ಲಿಟ್ಟು ಚಾಚಿದಳು. "ಬಲಗಡೆ. ಮೇಲೆ."

ಗುಬ್ಬಿ ಬ್ಯಾಗು ಇಳಿಸಿದಳು. ಬಾಲ್ಕನಿಯಲ್ಲಿ ಕುಳಿತು, ತಿರುಗಿಸಿ ಮುರುಗಿಸಿ ನೋಡಿದಳು. ಏನೂ ಕಾಣಲಿಲ್ಲ. ಆದರೂ ಬಾಯಿ ಅತ್ತೆಯದು, ನೋವೂ ಅತ್ತೆಯದು. ಬಲ ಅಂಚನ್ನು ಉಗುರಿನ ಧೂಳಿನಷ್ಟು ಉಜ್ಜಿ, ಹೊಳಪು ಕೊಟ್ಟು, ತೊಳೆದು ಕೊಟ್ಟಳು. ಅತ್ತೆ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂದಳು. ಅಷ್ಟರಲ್ಲಿ ಟೆರೇಸಿನಿಂದ ಅಮ್ಮ ಕೂಗಿದಳು. "ಹೇಗೂ ಇದೀಯಲ್ಲ, ಒಂದು ನಿಮಿಷ ಬಂದು ಈ ತುದಿ ಹಿಡಿ!" ಗುಬ್ಬಿ ಹೊಳೆ ಮುಟ್ಟಿದಾಗ ಮೊಟ್ಟೆ ಖಾಲಿಯಾಗಿತ್ತು.

ಮುಂದಿನ ವಾರವೂ ಹಾಗೇ. ಸೋಮವಾರದಿಂದ ಶುಕ್ರವಾರದವರೆಗೆ ಸುಮ್ಮನಿರುತ್ತಿದ್ದ ಹಲ್ಲು, ಶನಿವಾರ ಗುಬ್ಬಿ ಶೂ ಹಾಕಿಕೊಂಡ ಕೂಡಲೇ ಚುಚ್ಚುತ್ತಿತ್ತು.

"ನಿಮ್ಮತ್ತೆ ಹಲ್ಲಿಗೆ ವೀಕೆಂಡ್ ಡ್ಯೂಟಿನಾ?" ಅಂದಳು ಕಂಡಕ್ಟರ್. "ಇರ್ಲಿ ಬಿಡು, ಬಣ್ಣ ನಾವು ಹೊಡೆದ್ವಿ. ಬರೋ ಶನಿವಾರ ನೀರಿಗೆ ಇಳಿಸ್ತೀವಿ. ಅವತ್ತು ಮಾತ್ರ ತಪ್ಪಿಸ್ಬೇಡ. ಸಂದಿ ಮುಚ್ಚಿದೋಳು ನೀನು, ಮೊದಲು ಕೂರೋಳು ನೀನೇ."

"ಮುಳುಗಿದ್ರೆ ಇವ್ಳೇ ಮೊದಲು ಮುಳುಗ್ಲಿ ಅಂತ," ಅಂದಳು ಬೇಕರಿಯವಳು.

ವಾರವೆಲ್ಲ ಗುಬ್ಬಿ ಮನೆಯಲ್ಲಿ ಅದನ್ನೇ ಹೇಳಿದಳು. ಊಟಕ್ಕೆ ಕುಳಿತಾಗ ಹೇಳಿದಳು, ಪಾತ್ರೆ ಒರೆಸುವಾಗ ಹೇಳಿದಳು. ಅಪ್ಪ "ಈಜು ಬರುತ್ತಾ?" ಎಂದು ಕೇಳಿದ. ಅತ್ತೆ ಕೇಳಿಸಿಕೊಂಡಳು. ಅಮ್ಮ ಸಾರಿನ ಸೌಟನ್ನು ಪಾತ್ರೆಗೆ ಬಡಿದು, "ದೋಣಿ ಅಂತೆ" ಅಂದಳು.

ಶನಿವಾರ ಬೆಳಿಗ್ಗೆ ಅತ್ತೆ ಬಚ್ಚಲಿನಲ್ಲಿ ಉಗುಳಿದಾಗ ಬೇಸಿನ್ನು ಕೆಂಪಾಯಿತು.

"ಅಯ್ಯೋ ರಕ್ತ!" ಎಂದು ಅಮ್ಮ ಓಡಿಬಂದಳು. "ಗುಬ್ಬಿ, ನೋಡೇ ಇಲ್ಲಿ! ನಿನ್ನ ಹಲ್ಲು ಮಾಡಿರೋ ಕೆಲಸ!"

ತಾನು ಮಾಡಿದ ಮೊದಲ ಸೆಟ್ಟು ಒಂದು ಬಾಯನ್ನು ಕೊರೆಯುತ್ತಿದೆ ಎಂದರೆ ಏನು! ಅತ್ತೆ ಬಾಯಿ ಮುಚ್ಚಿ, ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದಳು. ಡಾಕ್ಟರು ಬೇಡವೆಂದು ಕೈಯಾಡಿಸುತ್ತಿದ್ದಳು. ಗುಬ್ಬಿ ಹಲ್ಲನ್ನು ಡಬ್ಬಿಗೆ ಹಾಕಿಕೊಂಡು, ಮೇಸ್ತ್ರಿಯ ಮನೆಗೆ ಓಡಿ ಲ್ಯಾಬಿನ ಕೀಲಿ ಬೇಡಿ ತಂದಳು. ರಜೆಯ ದಿನ, ಖಾಲಿ ನೆಲಮಾಳಿಗೆಯಲ್ಲಿ, ಅತ್ತೆಯ ಪ್ಲಾಸ್ಟರ್ ಬಾಯಿಯ ಮೇಲೆ ಸೆಟ್ಟನ್ನು ಕೂರಿಸಿ ನೋಡಿದಳು. ಎಲ್ಲೂ ಒತ್ತುತ್ತಿರಲಿಲ್ಲ. ತನ್ನ ಕಣ್ಣನ್ನೇ ನಂಬದೆ, ಒಳಪದರವನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿದಳು. ಮುಗಿಯುವ ಹೊತ್ತಿಗೆ ಮೇಲೆ ರಸ್ತೆಯಲ್ಲಿ ಬಿಸಿಲು ಇಳಿದಿತ್ತು. ಫೋನಿನಲ್ಲಿ ಒಂದು ಫೋಟೋ ಬಂದಿತ್ತು. ನೀಲಿ ದೋಣಿ, ಅದರೊಳಗೆ ಮೂವರು, ಬಾಯಿ ತುಂಬ ನಗು. ಕೆಳಗೆ ಕಂಡಕ್ಟರ್ ಬರೆದಿದ್ದಳು: "ಒಂದು ಹನೀನೂ ಸೋರಲಿಲ್ಲ ಕಣೇ."

ಗುಬ್ಬಿ ಲ್ಯಾಬಿನ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಆಗಲೂ ಅವಳಿಗೆ ಅತ್ತೆಯ ಮೇಲೆ ಸಿಟ್ಟಿರಲಿಲ್ಲ, ತನ್ನ ಕೈಗಳ ಮೇಲಿತ್ತು.

ಅವಳಿಗೆ ಗೊತ್ತಾದದ್ದು ಮುಂದಿನ ಶುಕ್ರವಾರ ಸಂಜೆ. ಲ್ಯಾಬಿನಲ್ಲಿ ಕರೆಂಟು ಹೋಗಿ ಬೇಗ ಬಿಟ್ಟಿದ್ದರು. ಮನೆಯ ಬಾಗಿಲು ಸುಮ್ಮನೆ ಸರಿಸಿತ್ತು. ಶೂ ಬಿಚ್ಚಲು ಬಗ್ಗಿದವಳಿಗೆ ಅಡುಗೆಮನೆಯಿಂದ ನಗು ಕೇಳಿಸಿತು. ಅಮ್ಮ ಮತ್ತು ಅತ್ತೆ ಒಟ್ಟಿಗೆ ನಗುತ್ತಿದ್ದರು. ಗುಬ್ಬಿ ಹುಟ್ಟಿದಾಗಿನಿಂದ ಆ ಮನೆಯಲ್ಲಿ ಕೇಳದ ಸದ್ದು ಅದು.

"ಈ ಸಲ ರಕ್ತ ಬೇಡ ಅಕ್ಕ," ಅನ್ನುತ್ತಿದ್ದಳು ಅಮ್ಮ. "ಪದೇ ಪದೇ ಅಂದ್ರೆ ಅನುಮಾನ ಬರುತ್ತೆ. ಬೀಟ್ರೂಟೂ ಮುಗಿದಿದೆ. ನಾಳೆ ಎಡಗಡೆ ಅನ್ನಿ ಸಾಕು."

"ಎಡಗಡೆ ಹೋದ್ಸಲ ಹೇಳಿದ್ನಲ್ಲ?"

"ಇಲ್ಲ, ಬಲಗಡೆ. ನೆನಪಿಟ್ಕೊಳ್ಳಿ ಸ್ವಲ್ಪ."

"ಬಾಯಲ್ಲಿ ಎಷ್ಟು ಕಡೆ ಅಂತ ನೆನಪಿಟ್ಕೊಳ್ಳೋದೇ? ಇರೋದೇ ಎರಡು."

ಮತ್ತೆ ನಗು. ಗುಬ್ಬಿ ಬಿಚ್ಚಿದ ಲೇಸನ್ನು ಮತ್ತೆ ಕಟ್ಟಿಕೊಂಡು ಹೊರಗೆ ಹೋದಳು. ರಸ್ತೆಯ ಕೊನೆಯವರೆಗೂ ನಡೆದು, ತಿರುಗಿ ಬಂದು, ಈ ಸಲ ಬಾಗಿಲನ್ನು ಜೋರಾಗಿ ತಳ್ಳಿ, "ಅಮ್ಮಾ, ಕಾಫಿ!" ಅಂದಳು.

ಶನಿವಾರ ಬೆಳಿಗ್ಗೆ ಅವಳು ಶೂ ಹಾಕಿಕೊಳ್ಳಲೇ ಇಲ್ಲ. ಉಜ್ಜುವ ಅರವನ್ನು ಮಡಿಲಲ್ಲಿಟ್ಟುಕೊಂಡು ಬಾಲ್ಕನಿಯಲ್ಲಿ ಕಾದಳು.

"ಎಲ್ಲಿ ಅತ್ತೆ ಇವತ್ತು?"

ಅತ್ತೆ ಒಂದು ಗಳಿಗೆ ತಬ್ಬಿಬ್ಬಾದಳು. ಸೆರಗು ಇನ್ನೂ ಬಾಯಿಗೆ ಬಂದಿರಲಿಲ್ಲ. "ಎಡಗಡೆ," ಅಂದಳು.

"ಖಂಡಿತಾ?"

"ನೋವು ನಂಗಾ ನಿಂಗಾ?"

ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿ ನಿಲ್ಲುವುದು ಅದರ ಅಂಚಿನ ಬಲದಿಂದ. ಅಂಚು ಸುತ್ತಲೂ ಸರಿಯಾಗಿ ಕೂತಿದ್ದರೆ ಒಳಗೆ ಗಾಳಿ ನುಗ್ಗದು, ಹಲ್ಲು ಬೀಳದು. ಆ ಅಂಚಿಗಾಗಿ ಗುಬ್ಬಿ ಹೋದ ವರ್ಷ ಎಷ್ಟೋ ಸಂಜೆ ಕಣ್ಣು ಕೆಂಪು ಮಾಡಿಕೊಂಡಿದ್ದಳು. ಈಗ ಅದರ ಮೇಲೆ ಅರ ಇಟ್ಟು ಎಳೆದಳು. ಗುಲಾಬಿ ಪುಡಿ ಮಡಿಲಿಗೆ ಉದುರಿತು.

"ಬಲಗಡೇನೂ ನೋಡ್ಬಿಡ್ಲಾ ಅತ್ತೆ? ಪದೇ ಪದೇ ನಿಮಗೆ ತೊಂದ್ರೆ."

ಹೊತ್ತು ಹೋಗುತ್ತಿರುವುದು ಕಂಡು ಅತ್ತೆಗೆ ಖುಷಿಯೇ ಆಯಿತು. "ಹೂಂ, ಅದೂ ಆಗ್ಲಿ."

"ಹಿಂದೆ?"

"ಹಿಂದೇನೂ ಒಂಚೂರು ಒತ್ತುತ್ತೆ."

"ಮುಂದೆ?"

"ಮುಂದೇನೂ ಮಾಡು, ಒಂದೇ ಸಲ ಮುಗೀಲಿ."

"ನೀವು ಹೇಳಿದ್ಹಾಗೆ," ಅಂದಳು ಗುಬ್ಬಿ. ನಿಧಾನವಾಗಿ, ಒಂದು ಕಡೆಯೂ ಬಿಡದೆ ಸುತ್ತಲೂ ಉಜ್ಜಿದಳು. ತೊಳೆದು ಕೊಟ್ಟು, ಶೂ ಹಾಕಿಕೊಂಡು, ಹೊಳೆಗೆ ಹೋದಳು. ಅಂದು ಅವಳು ಹುಟ್ಟು ಹಾಕಲು ಕಲಿತಳು. ಎರಡು ಸಲ ದೋಣಿ ಇದ್ದಲ್ಲೇ ಗಿರಗಿರ ತಿರುಗಿತು. ಕನ್ನಡಕದವನ ಮೇಲೆ ನೀರೆರಚಿ, ಅವನ ಕನ್ನಡಕ ಹೊಳೆಗೆ ಬಿದ್ದು, ಕಂಡಕ್ಟರ್ ಹುಟ್ಟಿನ ತುದಿಯಿಂದ ಅದನ್ನು ಎತ್ತುವಷ್ಟರಲ್ಲಿ ಎಲ್ಲರಿಗೂ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಅಷ್ಟು ಹಗುರವಾದ ದಿನ ಅವಳಿಗೆ ನೆನಪಿರಲಿಲ್ಲ.

ಮನೆಯಲ್ಲಿ ಅದೇ ಮಧ್ಯಾಹ್ನ ಅತ್ತೆ "ಉಪ್ಪು" ಅನ್ನಲು ಬಾಯಿ ತೆರೆದಾಗ ಮೇಲಿನ ಹಲ್ಲು ಕೆಳಗಿನದರ ಮೇಲೆ ಟಕ್ಕೆಂದು ಕೂತಿತು.

ಸಂಜೆ ಗುಬ್ಬಿ ಬಂದ ಕೂಡಲೇ ಅತ್ತೆ ಎದ್ದುಬಂದಳು. "ಏನೇ ಇದು? ನಿಲ್ತಾನೇ ಇಲ್ಲ."

"ಚುಚ್ಚುತ್ತಾ?"

"ಚುಚ್ಚಲ್ಲ, ಬೀಳುತ್ತೆ!"

"ಉಜ್ಜಿದ್ರೆ ಸಡಿಲ ಆಗುತ್ತೆ ಅತ್ತೆ. ಚುಚ್ಚೋದು ಬೇಡ ಅಂದ್ರಿ, ಈಗ ಚುಚ್ಚಲ್ಲ. ಬೇಕಾದ್ರೆ ಡಾಕ್ಟರ ಹತ್ರ ಹೋಗೋಣ. ಗಾಯ ಎಲ್ಲೆಲ್ಲಿ ಆಗಿತ್ತು, ರಕ್ತ ಎಲ್ಲಿಂದ ಬಂತು, ಎಲ್ಲಾ ಅವರೇ ಬಾಯಿ ಬಿಡಿಸಿ ನೋಡ್ಲಿ."

ಅತ್ತೆ ಅವಳ ಮುಖ ನೋಡಿದಳು. ಗುಬ್ಬಿ ಕಣ್ಣು ಮಿಟುಕಿಸಲಿಲ್ಲ. ಅತ್ತೆ ಹಲ್ಲನ್ನು ನಾಲಿಗೆಯಿಂದ ಮೇಲಕ್ಕೊತ್ತಿಕೊಂಡು ತನ್ನ ಕುರ್ಚಿಗೆ ಹೋಗಿ ಕುಳಿತಳು.

ಆಮೇಲೆ ಆ ಮನೆಗೊಂದು ನಿಶ್ಶಬ್ದ ಬಂತು. ಹಲ್ಲು ಬೀಳದಂತೆ ನಾಲಿಗೆ ಆನಿಸಿಕೊಂಡೇ ಇರಬೇಕು, ಆನಿಸಿಕೊಂಡ ನಾಲಿಗೆಯಿಂದ ಮಾತಾಡುವುದು ಹೇಗೆ? ಊಟದ ಹೊತ್ತಿಗೆ ಹಲ್ಲು ತಟ್ಟೆಯ ಪಕ್ಕದ ಬಟ್ಟಲಿಗೆ ಹೋಗುತ್ತಿತ್ತು. ಅತ್ತೆ ಗಂಜಿಯಂಥದ್ದನ್ನು ಚಮಚದಲ್ಲಿ ನುಂಗುತ್ತಿದ್ದಳು.

"ಏನಕ್ಕ, ಮೈ ಹುಷಾರಿಲ್ವಾ?" ಅಂದ ಅಪ್ಪ. "ನಿನ್ನೆಯಿಂದ ಒಂದ್ಸಲಾನೂ ನನ್ನ ಬೈದಿಲ್ಲ."

ಅತ್ತೆ ಕಣ್ಣಲ್ಲೇ ಬೈದಳು. ಗುಬ್ಬಿ ಸೇಬೊಂದನ್ನು ತೆಗೆದುಕೊಂಡು, ಅತ್ತೆಯ ಎದುರೇ ಕುಳಿತು, ಕರಕರ ಸದ್ದು ಮಾಡಿಕೊಂಡು ತಿಂದಳು. ಬೀಜದವರೆಗೂ ತಿಂದಳು.

ಕಷ್ಟವಾದದ್ದು ಅಮ್ಮನಿಗೆ. ಶಾಲೆಯ ದೊಡ್ಡ ಪಾತ್ರೆಗಳಿಂದ ಬಂದವಳು ಈಗ ಮನೆಯಲ್ಲಿ ಎರಡೆರಡು ಅಡುಗೆ ಮಾಡಬೇಕಿತ್ತು. ಒಂದು ಹಲ್ಲಿದ್ದವರಿಗೆ, ಇನ್ನೊಂದು ಇಲ್ಲದವರಿಗೆ. ಆಲೂಗಡ್ಡೆ ಅರೆ, ಕ್ಯಾರೆಟ್ಟು ಅರೆ, ಸೂಪು ಸೋಸು. ಮೊದಮೊದಲು "ಪಾಪ ಅಕ್ಕ" ಅಂದಳು. ಆಮೇಲೆ "ತಿನ್ನಿ ಅಕ್ಕ, ಇವತ್ತಿಗೆ ಇದೇ" ಅಂದಳು. ಒಂದು ಸಂಜೆ ಬಟ್ಟಲನ್ನು ಅತ್ತೆಯ ಮುಂದೆ ಕುಕ್ಕಿ, "ಗೊಣಗಿದ್ರೆ ಅರ್ಥ ಆಗಲ್ಲ, ಬೇಕಾದ್ರೆ ತಿನ್ನಿ, ಇಲ್ದಿದ್ರೆ ಬಿಡಿ" ಅಂದಳು. ಅತ್ತೆ ತಲೆಯೆತ್ತಿ ಅವಳನ್ನು ನೋಡಿದ ರೀತಿಯನ್ನು ಅಮ್ಮ ಗಮನಿಸಲಿಲ್ಲ. ಗುಬ್ಬಿ ಗಮನಿಸಿದಳು.

ಆ ವಾರವೇ ತಾಯಿ ಮಗಳಿಗೆ ಅಡುಗೆಮನೆಯಲ್ಲಿ ಹತ್ತಿಕೊಂಡಿತು.

"ಬೇಕಂತ್ಲೇ ಮಾಡಿದೀಯ ನೀನು," ಅಂದಳು ಅಮ್ಮ, ಆಲೂಗಡ್ಡೆ ಜಜ್ಜುತ್ತ. "ವಯಸ್ಸಾದೋರ ಬಾಯಿ ಹಾಳು ಮಾಡಿದೀಯ."

"ಎಡಗಡೆ ಅಂದ್ರು, ಎಡಗಡೆ ಉಜ್ದೆ. ಹೋದ್ಸಲ ಬಲಗಡೆ ಆಗಿತ್ತಲ್ಲ, ನೀನೇ ನೆನಪು ಮಾಡಿದ್ದೆ."

ಜಜ್ಜುವ ಸದ್ದು ನಿಂತಿತು. ಒಲೆಯ ಮೇಲೆ ಸೂಪು ಕುದಿಯುತ್ತಿತ್ತು.

"ಕೇಳಿಸ್ಕೊಂಡ್ಯಾ?"

"ಬೀಟ್ರೂಟ್ ವರೆಗೂ."

ಅಮ್ಮ ತಲೆ ತಗ್ಗಿಸಲಿಲ್ಲ. ಉರಿ ಸಣ್ಣ ಮಾಡಿ, ತಿರುಗಿ ನಿಂತಳು. "ಕೇಳಿಸ್ಕೊಂಡ್ರೆ ಇದನ್ನೂ ಕೇಳಿಸ್ಕೋ. ದುಡಿಯೋಳು ನೀನೊಬ್ಬಳೇನಾ? ಶನಿವಾರ ನಿಂಗೊಬ್ಬಳಿಗೇ ಬರುತ್ತಾ? ನಿಂಗಾದ್ರೆ ಹೊಳೆ ಹತ್ರ ಮೂರು ಜನ ಕಾಯ್ತಾರೆ. ನಂಗೆ ಯಾರು ಕಾಯ್ತಾರೆ? ಮಾತಾಡೋಕೆ ನಂಗೊಬ್ಬಳಿದ್ಲು. ಚಾದರದ ಆ ತುದೀಲಿ."

"ಅದನ್ನೇ ಬಾಯ್ಬಿಟ್ಟು ಹೇಳಬಹುದಿತ್ತಲ್ಲಮ್ಮ. ನಿಂತ್ಕೋ ಅಂತ."

"ಹೇಳಿದ್ರೆ ನಿಲ್ತಿದ್ಯಾ?"

ಗುಬ್ಬಿ ಯೋಚಿಸಿದಳು. "ಇಲ್ಲ," ಅಂದಳು.

"ಮತ್ತೆ?"

"ಆದ್ರೆ ಸಂದಿ ಮುಚ್ಚಿದ್ದು ನಾನು. ಮೊದಲನೇ ದಿನ ನಾನಿಲ್ದೇ ತೇಲ್ತು ಅದು. ನಾನು ನೆಲಮಾಳಿಗೇಲಿ ಕೂತು, ನನ್ನ ಕೈಯೇ ಸರಿಯಿಲ್ಲ ಅಂತ ಅಳ್ತಿದ್ದೆ. ನೀವಿಬ್ರೂ ಇಲ್ಲಿ ನಗ್ತಿದ್ರಿ."

"ಒಂದು ದಿನ ಹೋಗಿದ್ದಕ್ಕೆ ಇಷ್ಟು ಉರೀನಾ ನಿಂಗೆ? ನನ್ನವು ಎಷ್ಟು ಹೋಗಿವೆ ಗೊತ್ತಾ?"

"ಅವನ್ನ ನಾನು ಕಿತ್ಕೊಂಡಿಲ್ಲ."

"ಬೇರೆ ಯಾರ ಹತ್ರ ವಸೂಲಿ ಮಾಡ್ಲಿ ಹೇಳು?" ಅಂದಳು ಅಮ್ಮ. "ನಿಮ್ಮಪ್ಪನ ಹತ್ರಾನಾ? ಆ ಮುದುಕಿ ಹತ್ರಾನಾ? ಕೈಗೆ ಸಿಕ್ಕೋಳು ನೀನೊಬ್ಬಳೇ."

ಒಲೆಯ ಪಕ್ಕದ ಬಟ್ಟಲಲ್ಲಿ ಅತ್ತೆಯ ಸಡಿಲ ಹಲ್ಲು ನೀರಿನೊಳಗಿಂದ ಗುಬ್ಬಿಯನ್ನೇ ನೋಡುತ್ತಿತ್ತು. ಕೈಗೆ ಸಿಕ್ಕವರ ಹತ್ತಿರ ವಸೂಲಿ ಮಾಡುವುದು. ಸರಿ, ಹಾಗಾದರೆ ಹಾಗೇ.

ಮರುದಿನದಿಂದ ಅವಳು ಲ್ಯಾಬಿನಲ್ಲಿ ಕೆಲಸ ಮುಗಿದ ಮೇಲೂ ನಿಂತಳು. ಶೆಲ್ಫಿನಿಂದ ಅತ್ತೆಯ ಪ್ಲಾಸ್ಟರ್ ಬಾಯಿ ಇಳಿಯಿತು. ಮೇಣ ಕಾಯಿಸಿದಳು, ಒಸಡು ಕಟ್ಟಿದಳು. ಹೊಸ ಹಲ್ಲುಗಳನ್ನು ಆರಿಸುವಾಗ ಹೋದ ವರ್ಷದ ಅಳುಕಿರಲಿಲ್ಲ. ಬಾಚಿ ಹಲ್ಲಿಗೆ ಒಳ್ಳೆಯ ಕಡಿತ, ದವಡೆ ಹಲ್ಲಿಗೆ ಒಳ್ಳೆಯ ಅರೆತ, ಅಂಚು ಮಾತ್ರ ರೇಷ್ಮೆ.

"ಡಾಕ್ಟರ ಚೀಟಿ ಇಲ್ವಲ್ಲ, ಯಾರದ್ದಿದು?" ಅಂದ ಮೇಸ್ತ್ರಿ.

"ನಮ್ಮತ್ತೇದು."

ಮೇಸ್ತ್ರಿ ಕೈಗೆತ್ತಿಕೊಂಡು ತಿರುಗಿಸಿ ನೋಡಿದ, ಬಹಳ ಹೊತ್ತು ನೋಡಿದ. "ಇಂಥದ್ದು ನನ್ನ ಕೈಲೂ ಆಗಿಲ್ಲ. ಅಷ್ಟು ಪ್ರೀತಿನಾ ಅತ್ತೆ ಮೇಲೆ?"

"ಮನೇಲಿ ಎಲ್ರ ಮೇಲೂ," ಅಂದಳು ಗುಬ್ಬಿ.

ಸೆಟ್ಟು ಮುಗಿದ ಮೇಲೂ ಅವಳು ಅದನ್ನು ಕೊಡಲಿಲ್ಲ. ಸಣ್ಣ ಡಬ್ಬಿಯಲ್ಲಿ ಹಾಕಿ ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದಳು. ಹೊಳೆಗೂ ಅದು ಜೊತೆಗೆ ಹೋಯಿತು. ಚಿಗುರು ಈಗ ಎಲೆಯಾಗಿತ್ತು. ನಾಲ್ವರೂ ಸೇತುವೆಯ ಕೆಳಗಿನವರೆಗೆ ಹುಟ್ಟು ಹಾಕಿಕೊಂಡು ಹೋಗಿ, ದೋಣಿಯನ್ನು ಸುಮ್ಮನೆ ಬಿಟ್ಟು, ಬೆನ್ನು ಕೆಳಗೆ ಮಾಡಿ ಮಲಗಿದರು. ಬೇಕರಿಯವಳು ಹಾಡು ಗುನುಗಿದಳು. ಗುಬ್ಬಿ ತಲೆಯಡಿಗೆ ಬ್ಯಾಗು ಇಟ್ಟುಕೊಂಡಿದ್ದಳು. ಡಬ್ಬಿ ಕಿವಿಗೆ ಒತ್ತುತ್ತಿತ್ತು. ಆ ಒತ್ತು ಹಿತವಾಗಿತ್ತು. ಸಂಜೆ ಮನೆಗೆ ಬಂದು ಅತ್ತೆಯ ಎದುರೇ ಬ್ಯಾಗು ಇಳಿಸಿ, ಅತ್ತೆ ಅರೆದದ್ದನ್ನು ನುಂಗುವುದನ್ನು ನೋಡಿಕೊಂಡು ಊಟ ಮಾಡಿದಳು. ತನ್ನಿಂದ ಕಿತ್ತುಕೊಂಡ ಶನಿವಾರಗಳಷ್ಟನ್ನೂ ಹಾಗೇ ಕಾದು ತೀರಿಸಿಕೊಂಡಳು.

ಕೊನೆಗೊಂದು ಶುಕ್ರವಾರ ಸಂಜೆ, ಅಮ್ಮ ಅಂಗಡಿಗೆ ಹೋಗಿದ್ದಾಗ, ಅತ್ತೆಯೇ ಅವಳ ಕೋಣೆಯ ಬಾಗಿಲಿಗೆ ಬಂದಳು. ಹಲ್ಲಿಲ್ಲದ ಬಾಯಿ ಒಳಕ್ಕೆ ಕುಸಿದು ಮುಖ ಸಣ್ಣದಾಗಿತ್ತು.

"ಬೀತ್ರೂತು ನಿಮ್ಮಮ್ಮಂದು," ಅಂದಳು ತೊದಲುತ್ತ. "ನಾನು ಬೇದ ಅಂದೆ."

ಅದು ಸುಳ್ಳೆಂದು ಗುಬ್ಬಿಗೆ ಗೊತ್ತಿತ್ತು. "ಹೌದಾ ಅತ್ತೆ?"

"ಹೇಳ್ಕೊತ್ತೋಳು ಅವ್ಳು. ಈಗ ನಂಗೇ ತತ್ತೆ ಕುಕ್ತಾಳೆ. ಶಿಕ್ಷೆ ನಂಗೊಬ್ಬಳಿಗೇ ಯಾಕೆ?"

"ನಂಗೂ ಅದೇ ಅನ್ನಿಸ್ತು," ಅಂದಳು ಗುಬ್ಬಿ. ಬ್ಯಾಗಿನಿಂದ ಡಬ್ಬಿ ತೆಗೆದು ಅತ್ತೆಯ ಅಂಗೈಯಲ್ಲಿಟ್ಟಳು.

ಅತ್ತೆ ಮುಚ್ಚಳ ತೆಗೆದು ನೋಡಿದಳು. ಮೇಲಿನದನ್ನು ಬಾಯಿಗಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿದಳು. ಅದು ಹೋಗಿ ತನ್ನ ಜಾಗದಲ್ಲಿ ಕೂತಿತು. ಕೆಳಗಿನದೂ ಕೂತಿತು. ಕನ್ನಡಿಯ ಮುಂದೆ ಬಾಯಿ ತೆರೆದಳು, ಮುಚ್ಚಿದಳು, ಹಲ್ಲು ಕಡಿದಳು. ಅವಳ ಮುಖ ಮತ್ತೆ ತನ್ನ ಅಳತೆಗೆ ಬಂತು.

"ಚುಚ್ಚುತ್ತಾ?" ಅಂದಳು ಗುಬ್ಬಿ.

"ಎಲ್ಲೂ ಇಲ್ಲ," ಅಂದಳು ಅತ್ತೆ. ಒಂದೊಂದು ಅಕ್ಷರವೂ ಕತ್ತರಿಸಿಟ್ಟಂತಿತ್ತು. ಅವಳು ಬುಟ್ಟಿಯಿಂದ ಸೇಬೊಂದನ್ನು ತೆಗೆದುಕೊಂಡಳು.

ಶನಿವಾರ ಬೆಳಿಗ್ಗೆ ತಿಂಡಿಗೆ ಅಮ್ಮ ಅತ್ತೆಯ ಮುಂದೆ ಅರೆದ ಬಟ್ಟಲನ್ನು ಇಡಲು ಹೋದಾಗ ಅತ್ತೆ ಅದನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು.

"ಇದನ್ನ ನೀನೇ ತಿನ್ನು. ಏನು ಅಡುಗೆ ಇದು? ಇಷ್ಟು ವಾರ ಬಾಯಿ ಇರ್ಲಿಲ್ಲ ಅಂತ ಸುಮ್ನಿದ್ದೆ. ಸೂಪಲ್ಲಿ ಉಪ್ಪಿಲ್ಲ, ಕ್ಯಾರೆಟ್ಟಲ್ಲಿ ನಾರು, ಮೊನ್ನೆ ಆಲೂಗಡ್ಡೇಲಿ ಸಿಪ್ಪೆ. ತಟ್ಟೆ ಕುಕ್ಕೋದು ಬೇರೆ. ಯಾರ ಮನೆ ಅನ್ಕೊಂಡಿದೀಯ? ನನ್ನ ತಮ್ಮನ ಮನೆ ಇದು. ಗಟ್ಟಿ ಬ್ರೆಡ್ಡು ತಾ. ಅಂಚು ಕತ್ತರಿಸ್ಬೇಡ."

ಅಪ್ಪನ ಕೈಯ ಪೇಪರು ನಿಧಾನವಾಗಿ ಮೇಲಕ್ಕೇರಿತು. "ಅಕ್ಕ ಹುಷಾರಾದ್ಲು," ಅಂದ ಅದರ ಹಿಂದಿನಿಂದ.

ಅಮ್ಮ ಅತ್ತೆಯ ಬಾಯನ್ನು ನೋಡಿದಳು. ಆಮೇಲೆ ಶೂ ಲೇಸು ಕಟ್ಟುತ್ತಿದ್ದ ಮಗಳನ್ನು ನೋಡಿದಳು.

"ಹೊಸದು," ಅಂದಳು.

"ಹೂಂ."

"ಎಷ್ಟು ವರ್ಷ ಬರುತ್ತೆ ಇದು?"

"ಚೆನ್ನಾಗಿ ಮಾಡಿದೀನಮ್ಮ," ಅಂದಳು ಗುಬ್ಬಿ. "ಹತ್ತು ವರ್ಷಕ್ಕೆ ಏನೂ ಆಗಲ್ಲ."

ಅಮ್ಮ ಬಕೆಟ್ಟು ಎತ್ತಿಕೊಂಡಳು. ಒದ್ದೆ ಚಾದರಗಳ ಭಾರಕ್ಕೆ ಅವಳ ಭುಜ ಒಂದು ಕಡೆ ವಾಲಿತು. ಬಾಗಿಲಲ್ಲಿ ನಿಂತು, ತಿರುಗದೆಯೇ, "ಒಂದೇ ಒಂದು ಚಾದರ. ಆ ತುದಿ ಹಿಡಿದು ಹೋಗ್ತೀಯಾ?" ಅಂದಳು. ಆ ದನಿ ಗುಬ್ಬಿಗೆ ಹೊಸದು.

"ಬಸ್ಸು ಹೋಗುತ್ತಮ್ಮ."

"ಅವ್ಳನ್ಯಾಕೆ ಕರೀತೀಯ?" ಎಂದು ಅತ್ತೆ ಕುರ್ಚಿಯಿಂದ ಎದ್ದಳು. ಬ್ರೆಡ್ಡಿನ ತುಂಡೊಂದು ಅವಳ ಕೈಯಲ್ಲಿತ್ತು. "ನಡಿ, ನಾನು ಹಿಡೀತೀನಿ. ನಿನ್ನ ಜೊತೆ ಮಾತಾಡೋದು ಬೇಕಾದಷ್ಟಿದೆ."

ಇಷ್ಟು ವರ್ಷ ಹತ್ತದ ಮೆಟ್ಟಿಲನ್ನು ಅತ್ತೆ ಅಮ್ಮನ ಹಿಂದೆಯೇ ಹತ್ತಿದಳು. ಮಾತು ಆಗಲೇ ಶುರುವಾಗಿತ್ತು.

ಬಸ್ ಸ್ಟಾಪಿನಿಂದ ಗುಬ್ಬಿ ತಲೆಯೆತ್ತಿ ನೋಡಿದಳು. ಟೆರೇಸಿನ ಮೇಲೆ ಇಬ್ಬರೂ ಎದುರುಬದುರು ನಿಂತಿದ್ದರು, ನಡುವೆ ಬಿಳಿಯ ಚಾದರ. ಅಮ್ಮನ ತಲೆ ತಗ್ಗಿತ್ತು. ಅವಳು ತನ್ನ ತುದಿಯನ್ನು ತಿರುಚುತ್ತಲೇ ಇದ್ದಳು, ನೀರೆಲ್ಲ ಸುರಿದು ಹೋದ ಮೇಲೂ ತಿರುಚುತ್ತಿದ್ದಳು. ಗುಬ್ಬಿ ಹಿಡಿಯುತ್ತಿದ್ದ ತುದಿ ಅತ್ತೆಯ ಕೈಯಲ್ಲಿ ಭದ್ರವಾಗಿತ್ತು. ಅತ್ತೆಯ ಬಾಯಿ ಒಂದೇ ಸಮನೆ ಆಡುತ್ತಿತ್ತು, ಅಷ್ಟು ದೂರಕ್ಕೂ ಹಲ್ಲು ಬಿಸಿಲಿಗೆ ಹೊಳೆಯುತ್ತಿತ್ತು.

ಬಸ್ಸು ಬಂತು. ಬೆಳಗಿನ ಪಾಳಿಯ ಕೊನೆಯ ಟ್ರಿಪ್ಪಿನಲ್ಲಿದ್ದ ಕಂಡಕ್ಟರ್ ಸೀಟಿ ಊದಿದಳು. "ಏನೇ, ಇವತ್ತು ಹಲ್ಲು ಚುಚ್ಚಲಿಲ್ವಾ?"

"ಚುಚ್ತಿದೆ," ಅಂದಳು ಗುಬ್ಬಿ, ಮೆಟ್ಟಿಲ ಮೇಲೆ ಕಾಲಿಟ್ಟು. "ನಡಿ."